ಈಜುಕೊಳಕ್ಕೊಬ್ಬ ಕಂಟ್ರಾಕ್ಟರು

"ಕೋಮಲಾ, ನಮ್ಮ ಹಿತ್ತಲದಾಗ ನಿನಗೊಂದು ಈಜುಕೊಳ ಕಟ್ಟಸ್ತೀನಿ. ಕಂಟ್ರಾಕ್ಟರನ್ನ ಆರಿಸೋದು ನನಗ ಬಿಡು. ಮಂದಿನ್ನ ಅಳೆಯೋದ್ರಾಗ ನಾ ಎಂದೂ ಸೋತಿಲ್ಲ!"

ಹರಪನಹಳ್ಳಿಯ ಸಿದ್ದಲಿಂಗ ಮೇಷ್ಟ್ರು ನಿವೃತ್ತರಾದ ಮೇಲೆ ಹೊರಡಿಸಿದ ಮೊದಲ ಘೋಷಣೆ ಇದು. ಎದೆಮಟ್ಟ ನೀರಿನಲ್ಲಿ ನಡೆದಾಡಿದರೆ ಹೆಂಡತಿಯ ಮೊಣಕಾಲು ನೋವಿಗೆ ಒಳ್ಳೆಯದು ಅಂತ ದಾವಣಗೆರೆ ಡಾಕ್ಟರು ಹೇಳಿದ್ದೇ ಇದಕ್ಕೆ ಕಾರಣ. "ನನ್ನನ್ನೂ ಒಂದು ಮಾತು ಕೇಳ್ರಿ" ಅಂದರು ಕೋಮಲಮ್ಮ. ಅಷ್ಟರಲ್ಲಿ ಮೇಷ್ಟ್ರು ಫೋನನ್ನು ಕಿವಿಗೆ ಹಚ್ಚಿಯಾಗಿತ್ತು.

ಮೊದಲು ಬಂದವನು ಹುಲುಗಣ್ಣ. ಊರಿನ ಅರ್ಧಕ್ಕರ್ಧ ಪಾಯಿಖಾನೆ ಗುಂಡಿಗಳು ಅವನ ಅಮರ ಕೃತಿಗಳು!

"ಮನಿಯಾಗ ಎಷ್ಟು ಮಂದಿ ಅದೀರಿ ಸರ್?"

"ಇಬ್ಬರು. ಯಾಕಪ್ಪ?"

"ಇಬ್ಬರಿಗೆ ಇಷ್ಟು ದೊಡ್ಡದ್ಯಾಕ್ರಿ? ಜನ್ಮದಾಗ ತುಂಬಂಗಿಲ್ಲ!"

ಅವನನ್ನು ಸಾಗಹಾಕಿದ ಮೇಲೆ ಕೃಷಿ ಹೊಂಡ ತೋಡಿಸುವ ಪಕ್ಕೀರಪ್ಪ ಬಂದ. "ತಾಡಪತ್ರಿ ಹಾಸಿ ಮೀನು ಬಿಟ್ಟುಬಿಡಾನ್ರಿ" ಅಂದ.

"ಅದರಾಗ ನನ್ನ ಹೆಂಡ್ತಿ ಇಳೀಬೇಕೋ ಮಾರಾಯಾ!"

"ಅಮ್ಮಾರು ಇಳೀಲಿ ಬಿಡ್ರಿ. ಮೀನಿಗೇನು ತ್ರಾಸಿಲ್ಲ."

ಮೇಷ್ಟ್ರು ಹಣೆ ಹಿಡಿದುಕೊಂಡು ಕೂತರು. ಆಗ ಬಂದ ಕಾಂತೇಶ! ಕಪ್ಪು ಕನ್ನಡಕ, ಇಸ್ತ್ರಿ ಮಾಡಿದ ಅಂಗಿ, ಮೊಬೈಲಿನ ತುಂಬ ನೀಲಿ ನೀಲಿ ಕೊಳಗಳು. ಮೇಷ್ಟ್ರು ಏನಂದರೂ "ಸೂಪರ್ ಐಡಿಯಾ ಸರ್!" ಅನ್ನುತ್ತಿದ್ದ. ಇಡೀ ನೌಕರಿಯಲ್ಲಿ ಒಬ್ಬ ವಿದ್ಯಾರ್ಥಿಯೂ ಅವರ ಮಾತಿಗೆ ಇಷ್ಟು ತಲೆಯಾಡಿಸಿರಲಿಲ್ಲ. ಕಂಟ್ರಾಕ್ಟು ಕಾಂತೇಶನ ಪಾಲಾಯಿತು!

"ಮೆಟ್ಟಿಲು ಮಾಡಿಸ್ಲಾ ಸರ್?"

"ಸುಮ್ನ ಜಾಗ ತಿಂತಾವು. ಗೋಡಿಗೊಂದು ಕಬ್ಬಿಣದ ಏಣಿ ನಿಲ್ಲಿಸು, ಸಾಕು."

"ಸೂಪರ್ ಐಡಿಯಾ ಸರ್!"

ಅಲ್ಲಿಂದ ಶುರುವಾಯಿತು ಮೇಷ್ಟ್ರ ವನವಾಸ. ಒಳಗೆ ಬರುವಾಗ ಜೇಸಿಬಿ ಕಾಂಪೌಂಡ್ ಕೆಡವಿತು. ಹೊರಗೆ ಹೋಗುವಾಗ ನಲ್ಲಿ ಪೈಪು ಮುರಿಯಿತು. ಗಾರೆಯವರು ಮದುವೆಗೆಂದು ಹೋದವರು ಬೀಗರ ಊರಲ್ಲೇ ಉಳಿದರು. ಸೊಪ್ಪಿನ ಸಾರಿನಲ್ಲೂ ಸಿಮೆಂಟು! ಪಕ್ಕದ ಮನೆಯ ಚೌಡಕ್ಕ ದಿನಾ ಗೋಡೆ ಬಿದ್ದ ಜಾಗದಿಂದ ಇಣುಕಿ, "ಮೇಷ್ಟ್ರೇ, ಜ್ವಾಳ ತುಂಬಾಕ ಹಗೇವು ತೋಡಸ್ತೀರೇನ್ರಿ?" ಅಂತ ಕೇಳುತ್ತಿದ್ದಳು. ಮೊದಮೊದಲು ಮೇಷ್ಟ್ರು ವಿವರಿಸಿ ಹೇಳುತ್ತಿದ್ದರು. ಆಮೇಲಾಮೇಲೆ "ಹೌದವ್ವಾ" ಅಂದು ಕಣ್ಣು ಮುಚ್ಚಿಕೊಳ್ಳತೊಡಗಿದರು.

ಅಂತೂ ಒಂದು ದಿನ ಕೊಳ ತುಂಬಿತು. ಆಹಾ, ಎಂಥ ನೀಲಿ! ದಣಿವೆಲ್ಲ ಮರೆತ ಮೇಷ್ಟ್ರು ಹೆಂಡತಿಯ ಕೈ ಹಿಡಿದು ದಂಡೆಗೆ ಕರೆತಂದರು.

"ಇಳಿ ಕೋಮಲಾ, ಇಳಿ!"

ಕೋಮಲಮ್ಮ ನೆಟ್ಟಗೆ ನಿಂತ ಏಣಿಯನ್ನು ನೋಡಿದರು. ಗಂಡನನ್ನು ನೋಡಿದರು.

"ಏಣಿ ಹತ್ತಿ ಇಳಿಯೋವಂಥ ಮೊಣಕಾಲು ಇದ್ದಿದ್ರ, ನನಗ ಈ ಹೊಂಡ ಯಾಕ ಬೇಕಾಗಿತ್ರೀ?"

ಮೇಷ್ಟ್ರು ಕಾಂತೇಶನಿಗೆ ಫೋನು ಹಚ್ಚಿ, "ಮೆಟ್ಟಿಲು ಮಾಡಿಸೋಣಪ್ಪ" ಅಂದರು. "ಸೂಪರ್ ಐಡಿಯಾ ಸರ್!" ಅಂದವನು ಮತ್ತೆ ಫೋನು ಎತ್ತಲೇ ಇಲ್ಲ.

ಮರುದಿನ ಕೋಮಲಮ್ಮನೇ ಹುಲುಗಣ್ಣನನ್ನು ಕರೆಸಿದರು. ಮೇಷ್ಟ್ರು ಗಂಟಲು ಸರಿಮಾಡಿಕೊಂಡು ಕುರ್ಚಿ ಎಳೆದರು.

"ನೀವು ಒಳಗ ಹೋಗಿ ಚಾ ಇಡ್ರಿ. ನಾ ಮಾತಾಡ್ತೀನಿ."

ಮೇಷ್ಟ್ರು ಎದ್ದು ಅಡುಗೆಮನೆಗೆ ಹೋದರು. ಹೊರಗೆ ಕೋಮಲಮ್ಮ ಮೆಟ್ಟಿಲಿಗೆ ತಾವು ಕಾಲಿಡುವಷ್ಟು ಅಗಲ, ಕಂಬಿಗೆ ಕೈ ಹಿಡಿಯುವಷ್ಟು ಎತ್ತರ ತೋರಿಸುತ್ತಿದ್ದರು. ಹುಲುಗಣ್ಣ ದಂಡೆಯ ಮೇಲೆ ಸೀಮೆಸುಣ್ಣದಲ್ಲಿ ಗೀಟು ಎಳೆಯುತ್ತಿದ್ದ. ಮಾತು ಆಗಲೇ ಮುಗಿಯುತ್ತ ಬಂದಿತ್ತು! ಒಲೆಯ ಮೇಲೆ ನೀರು ಕುದಿಯಿತು. ಮೇಷ್ಟ್ರು ಒಂದೊಂದೇ ಡಬ್ಬಿ ತೆಗೆದು ಮುಚ್ಚಿ, ಕೊನೆಗೆ ಸೋತು ಕಿಟಕಿಯಿಂದ ಕೂಗಿದರು:

"ಕೋಮಲಾ, ಸಕ್ಕರಿ ಎಲ್ಲೈತಿ?"

"ಮೂರು ಮಂದಿನ್ನ ಕರೆಸಿ ಕೇಳ್ರಿ, ಆರಿಸೋದ್ರಾಗ ನೀವು ಶ್ಯಾಣ್ಯಾರದೀರಿ!"