ಶನಿವಾರದ ಒಂಬತ್ತು ಗಂಟೆ

ಅಕ್ಕಂದಿರ ಮಾತು ಮೀರುವುದು ತಮ್ಮಂದಿರಿಗೆ ಯಾವಾಗಲೂ ಕಷ್ಟ. ಆ ಅಕ್ಕನ ಕಿಡ್ನಿಯೇ ಹೊಟ್ಟೆಯಲ್ಲಿ ಕೂತಿದ್ದರಂತೂ ಮುಗಿದೇ ಹೋಯಿತು. ಬರಗೂರಿನ ನನ್ನ ಅಕ್ಕ ಮೂರು ವರ್ಷದ ಹಿಂದೆ ತನ್ನದೊಂದನ್ನು ನನಗೆ ಕೊಟ್ಟಳು. ನನ್ನ ಮೈ ಅದನ್ನು ಹೊರಗಿನದೆಂದು ತಿಳಿದು ಜಗಳ ತೆಗೆಯದಿರಲು ಬೆಳಿಗ್ಗೆ ಒಂಬತ್ತಕ್ಕೆ, ರಾತ್ರಿ ಒಂಬತ್ತಕ್ಕೆ ಮಾತ್ರೆ ನುಂಗಬೇಕು. ಹೊತ್ತು ತಪ್ಪಿದರೆ ಕಿಡ್ನಿಗೇ ಸಂಚಕಾರ ಎಂದು ಡಾಕ್ಟರು ಎಚ್ಚರಿಸಿದ್ದಾರೆ. ಚಿಕ್ಕಂದಿನಿಂದ ಅಕ್ಕನ ಜೊತೆ ಕಿತ್ತಾಡಿಯೇ ಬೆಳೆದ ಮೈ, ಮಾತ್ರೆ ಇಲ್ಲದೆ ಸುಮ್ಮನಿರುವ ಪೈಕಿ ಅಲ್ಲ.

ತೊಂದರೆ ಇದ್ದದ್ದು ಶನಿವಾರ. ಅವತ್ತು ಒಂಬತ್ತರಿಂದ ಹತ್ತೂವರೆ ರಾಹುಕಾಲ. ಅದು ಕಳೆದ ಮೇಲೇ ನುಂಗಬೇಕೆಂದು ಅಕ್ಕನ ಅಪ್ಪಣೆ. ಮಧುಗಿರಿಯಲ್ಲಿ ಮೂವತ್ತು ವರ್ಷ ವಿಜ್ಞಾನ ಪಾಠ ಮಾಡಿ, ರಾಹು ಕೇತುಗಳನ್ನು ಕಪ್ಪುಹಲಗೆಯ ಮೇಲೆ ಬರೆದು ಬರೆದು ಅಳಿಸಿ ನಿವೃತ್ತನಾದ ಮೇಷ್ಟ್ರು ನಾನು. ಆದರೆ ಅಕ್ಕನೆದುರು ವಾದಿಸುವ ಧೈರ್ಯ ಮಾತ್ರ ಇಲ್ಲ. ಹಾಗಾಗಿ ಒಂಬತ್ತಕ್ಕೆ ಗುಟ್ಟಾಗಿ ನುಂಗಿ, ಹತ್ತೂವರೆಗೆ ಫೋನು ಮಾಡಿ ಈಗ ನುಂಗಿದೆ ಎನ್ನುತ್ತಿದ್ದೆ. ವಿಜ್ಞಾನಕ್ಕೂ ಅಕ್ಕನಿಗೂ ಸಮಾಧಾನವಾಯಿತೆಂದು ನನ್ನ ಬುದ್ಧಿಯನ್ನು ನಾನೇ ಮೆಚ್ಚಿಕೊಂಡಿದ್ದೆ.

ಹೋದ ತಿಂಗಳು ಒಂದು ಶನಿವಾರ ಅಕ್ಕ ಮೊದಲ ಬಸ್ಸು ಹಿಡಿದು ಶಿರಾ ಮೇಲೆ ನಮ್ಮ ಮನೆಗೇ ಬಂದಿಳಿದಳು. ಒಂಬತ್ತಕ್ಕೆ ಬಚ್ಚಲಿಗೆ ಹೋದವನಂತೆ ಹೋಗಿ ಮಾತ್ರೆ ನುಂಗಿ ಬಂದೆ. ಹೆಂಡತಿ ಇಡ್ಲಿ ಹಾಕಿಕೊಟ್ಟರೂ ಅಕ್ಕ ಮುಟ್ಟಲಿಲ್ಲ. ಗಡಿಯಾರ ನೋಡುತ್ತ ಕೂತಿದ್ದು, ಹತ್ತೂವರೆಗೆ ಸರಿಯಾಗಿ ಇನ್ನೊಂದು ಮಾತ್ರೆ ಬಿಡಿಸಿ, ನೀರಿನ ಲೋಟದ ಸಮೇತ ನನ್ನ ಮುಂದೆ ಹಿಡಿದಳು. ಎರಡು ಸಲ ನುಂಗಿದರೆ ಆ ಕಿಡ್ನಿಗೇ ಪೆಟ್ಟು.

"ಅಕ್ಕಾ, ಒಂಬತ್ತಕ್ಕೇ ನುಂಗ್ಬುಟ್ಟೆ. ಎಲ್ಲಾ ಶನಿವಾರನೂ ಅಂಗೇ ಮಾಡ್ತಿದ್ದೆ."

ಅಕ್ಕ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ತಣ್ಣಗಾದ ಇಡ್ಲಿಯ ತಟ್ಟೆ ಎಳೆದುಕೊಂಡು, "ಮೂರ್ ವರ್ಸದಿಂದ ನೀನು ನುಂಗ್ದೆ ಅಂದ್ಮ್ಯಾಲೇ ನಾನು ತಿಂಡಿ ತಿಂತಿರೋದು ಕಣ್ಲಾ" ಎಂದಳು. ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಅಷ್ಟೂ ಶನಿವಾರ ನಾನು ಹೊಟ್ಟೆ ತುಂಬ ತಿಂದು, ಬಾಯಿ ಒರೆಸಿಕೊಂಡೇ ಅವಳಿಗೆ ಫೋನು ಮಾಡಿದ್ದೆ.

ಒಂದು ಇಡ್ಲಿ ಮುಗಿದ ಮೇಲೆ ಅವಳೇ ತೀರ್ಮಾನ ಕೊಟ್ಟಳು. "ಡಾಕ್ಟ್ರು ಹೇಳ್ದಂಗೆ ಒಂಬತ್ತಕ್ಕೇ ನುಂಗು. ರಾಹುನ ನಾನು ನೋಡ್ಕಂತೀನಿ."

ನಿನ್ನೆ ಶನಿವಾರ. ಈಗ ಮುಚ್ಚುಮರೆ ಇಲ್ಲ, ಅಪ್ಪಣೆಯೂ ಸಿಕ್ಕಿದೆ. ಆದರೂ ಮಾತ್ರೆ ಕೈಯಲ್ಲಿ ಹಿಡಿದವನು ಗೋಡೆಯ ಕ್ಯಾಲೆಂಡರಿನತ್ತ ಒಮ್ಮೆ ನೋಡಿ, ಒಂಬತ್ತಕ್ಕೆ ಎರಡು ನಿಮಿಷ ಇರುವಾಗಲೇ ನುಂಗಿಬಿಟ್ಟೆ. ತಕ್ಷಣ ಅಕ್ಕನಿಗೆ ಫೋನು ಮಾಡಿ, ತಿಂಡಿ ತಿನ್ನು ಎಂದೆ. ಗಡಿಯಾರ ಹಿಂದಿದೆ ಎಂದು ಹೆಂಡತಿಗೆ ಹೇಳಿದೆ, ಅವಳು ನಂಬಲಿಲ್ಲ. ನನಗೆ ಅಂಥ ನಂಬಿಕೆ ಏನೂ ಇಲ್ಲ. ಕಿಡ್ನಿಗೆ ಇದ್ದರೆ ಎಂದು, ಅಷ್ಟೇ.