ಧೂಳಪ್ಪ ಒಬ್ಬನೇ ತಿಂದ ಕೋಳಿ

ಅವತ್ತಿನ ಎಡವಟ್ಟಿಗೆಲ್ಲ ಮೂಲ ಒಂದು ಮುದಿ ಹುಂಜ. ಬಿಜಾಪುರದ ಮರೆಪ್ಪ ಮಗನಿಗೆ ಕನ್ಯೆ ನೋಡಲು ತಿಕೋಟಾಕ್ಕೆ ಬಂದಿದ್ದ. ತಾಯಿಯಿಲ್ಲದ ರೇಣವ್ವನಿಗೆ ಇಂಥ ಮನೆ ಮತ್ತೆ ಸಿಗಲಾರದೆಂದು ಅಪ್ಪ ಧೂಳಪ್ಪ ಇದ್ದೊಂದು ಹುಂಜವನ್ನೂ ಕೊಯ್ದ. ಅಡುಗೆ ಹುಡುಗಿಯದೇ ಆಗಬೇಕು, ಬೀಗರು ಉಂಡು ನೋಡಿ ಒಪ್ಪಬೇಕು. ಅದು ರಿವಾಜು.

ರೇಣವ್ವ ಒಲೆಯ ಮುಂದಿನಿಂದ ಎದ್ದು ಹೊಸ ಸೀರೆ ಉಡಲು ಹೋದದ್ದೇ ತಡ, ಪಕ್ಕದ ಮನೆಯ ಹುಲಿಗೆವ್ವ ಬಂದು ಕೂತಳು. ಊರಿನ ಒಲೆಗಳೆಲ್ಲ ತನ್ನವೇ ಎಂದು ತಿಳಿದ ಹೆಂಗಸು. ಸಾರನ್ನು ಅಂಗೈಗೆ ಸುರಿದುಕೊಂಡು ನೆಕ್ಕಿ, ಗಡಿಗೆಯನ್ನು ಇಳಿಸಿಯೇಬಿಟ್ಟಳು. ರೇಣವ್ವ ಸೀರೆ ಉಟ್ಟು ಬರುತ್ತಲೇ ಅವಸರ ಮಾಡಿದಳು.

"ಬೆಂದೈತಿ, ನಾ ನೋಡೇನಿ. ಬಸ್ ಬರೂ ಹೊತ್ತಾತು, ಲಗೂನ ನೀಡ ಬೇ!"

"ಹಿರ್ಯಾರಿಗೆ ಮೊದಲ ನೀಡವ್ವಾ" ಎಂದು ಮರೆಪ್ಪ ಒತ್ತಾಯ ಮಾಡಿದ್ದರಿಂದ ಮೊದಲ ತುಂಡು ಧೂಳಪ್ಪನ ತಾಟಿಗೆ ಬಿತ್ತು. ಕಚ್ಚಿದ. ಎಲುಬಿನ ಹತ್ತಿರ ಕೆಂಪಗೆ ಹಸಿ ನೆತ್ತರು! ಹೇಳಿದರೆ ಹುಡುಗಿಗೆ ಅಡುಗೆ ಬರುವುದಿಲ್ಲವೆಂದಾಗುತ್ತದೆ, ಸುಮ್ಮನಿದ್ದರೆ ಬೀಗರ ಹೊಟ್ಟೆ ಕೆಡುತ್ತದೆ. ಸಾರು ಮಾತ್ರ ಚೆನ್ನಾಗಿ ಕುದಿದಿತ್ತು.

"ತುಂಡೆಲ್ಲಾ ನನಗ ನೀಡವ್ವಾ" ಎಂದುಬಿಟ್ಟ. "ಬೀಗರಿಗೆ ಸಾರು ಹಾಕ. ಮುದಿ ಹುಂಜದ ರುಚಿ ಎಲ್ಲಾ ಸಾರಿನ್ಯಾಗ ಇರತೈತಿ."

ಮರೆಪ್ಪ ಅವನ ತಾಟನ್ನೇ ನೋಡುತ್ತಿದ್ದ. ಉಳಿಸಿದರೆ ಯಾಕೆಂದು ಕೇಳಿಯಾನು ಎಂಬ ಹೆದರಿಕೆಗೆ ಧೂಳಪ್ಪ ಒಂದೊಂದೇ ತುಂಡನ್ನು ಚಪ್ಪಲಿ ಅಗಿದಂತೆ ಅಗಿದು ನುಂಗಿದ. ಬೀಗರು ರೊಟ್ಟಿಯನ್ನು ಸಾರಿನಲ್ಲಿ ಅದ್ದಿ ತಿಂದು ಬಸ್ಸು ಹತ್ತಿದರು.

ಮರುದಿನ ವಾಂತಿ, ಭೇದಿ, ಮೈ ಸುಡುವ ಜ್ವರ. ಕಂಬಳಿ ಹೊದ್ದು ನರಳುತ್ತಿದ್ದರೂ, ಬೀಗರು ಆರಾಮಿದ್ದಾರು, ಮಗಳ ಮದುವೆ ಆದಂತೆಯೇ ಎಂದು ಒಳಗೊಳಗೇ ಹಿಗ್ಗುತ್ತಿದ್ದ, ಪಾಪ.

ಸಂಜೆ ಬಿಜಾಪುರದ ಸಂತೆಯಿಂದ ಬಂದ ಹುಲಿಗೆವ್ವ ಮರೆಪ್ಪನ ಮಾತನ್ನು ಹೊತ್ತು ತಂದಳು.

"ಹುಡಗಿ ಛಲೋ ಅದಾಳ, ಸಾರೂ ಛಲೋ ಇತ್ತು ಅಂದ್ರು. ಆದ್ರ ಬೀಗರ ಮುಂದ ಕುಂತು ಇಡೀ ಕೋಳಿ ಒಬ್ಬಾಂವನ ತಿನ್ನೂ ಮನಷ್ಯಾನ ಸಂಬಂಧ ಬ್ಯಾಡಂತ."

ರೇಣವ್ವನ ಕಣ್ಣು ತುಂಬಿ ಬಂತು. "ಯಪ್ಪಾ, ಅವರಿಗೆ ಒಂದು ತುಂಡರ ಹಾಕಸಬಾರದಾಗಿತ್ತೇನು?"

ಧೂಳಪ್ಪ ಬಾಯಿ ತೆರೆದ. ಬಾಗಿಲಲ್ಲಿ ಹುಲಿಗೆವ್ವ ಕಿವಿ ನೆಟ್ಟಗೆ ಮಾಡಿಕೊಂಡು ನಿಂತಿದ್ದಳು. ನಿಜ ಹೇಳಿದರೆ ನಾಳೆ ಊರಿಗೆಲ್ಲ ಮಗಳು ಹಸಿ ಕೋಳಿ ಬಡಿಸಿದವಳಾಗುತ್ತಾಳೆ, ಇನ್ನೊಬ್ಬ ವರ ಈ ಹೊಸ್ತಿಲು ತುಳಿಯುವುದಿಲ್ಲ.

"ಭಾಳ ಹಸಿವಾಗಿತ್ತವ್ವಾ" ಎಂದ. ತಂಬಿಗೆ ಎತ್ತಿಕೊಂಡು, ಗೋಡೆ ಹಿಡಿಯುತ್ತ ಮತ್ತೆ ಹಿತ್ತಲಿಗೆ ನಡೆದ.