ಸೋದರಮಾವನ ಪಾನಾ

ನನ್ನ ಸೋದರಮಾವನ ಪ್ರಕಾರ ಈ ಲೋಕದಲ್ಲಿ ಎಲ್ಲವೂ ಸಡಿಲ. ಯಾರ ಮನೆಗೆ ಹೋದರೂ ನೀರು ಕುಡಿಯುವ ಮೊದಲು ಕುರ್ಚಿಯ ಕಾಲು ಅಲ್ಲಾಡಿಸಿ ನೋಡುತ್ತಾನೆ. ಕುಕ್ಕರಿನ ಹಿಡಿ, ಬಾಗಿಲ ಚಿಲಕ, ನಮ್ಮಜ್ಜಿಯ ಕನ್ನಡಕದ ಕಡ್ಡಿ, ಯಾವುದೂ ಅವನ ಬೋಲ್ಟು ಬಿಗಿಯುವ ಪಾನಾ, ಸ್ಕ್ರೂಡ್ರೈವರುಗಳಿಂದ ತಪ್ಪಿಸಿಕೊಂಡಿಲ್ಲ. ಅವನ ಪ್ಯಾಂಟೊಂದನ್ನು ಬಿಟ್ಟು! ಅದು ಮಾತ್ರ ಒಂದು ತುಂಡು ವೈರಿನ ಆಸರೆಯಲ್ಲಿ ಸೊಂಟದ ಮೇಲೆ ನಿಂತಿರುತ್ತದೆ.

ಅವನ ಕೆಲಸ ಸಿಂಧನೂರು ಸೀಮೆಯ ಅಕ್ಕಿ ಗಿರಣಿಗಳಿಗೆ ಕರೆಂಟಿನ ಪ್ಯಾನಲ್ ಕೂಡಿಸುವುದು. ಪ್ಯಾನಲ್ಲಿನೊಳಗೆ ಎಂಸಿಸಿಬಿ ಎಂಬ, ಇಟ್ಟಿಗೆಯಷ್ಟು ದಪ್ಪದ ಕರಿ ಬ್ರೇಕರ್ ಇರುತ್ತದೆ. ಕರೆಂಟು ಮಿತಿ ಮೀರಿದರೆ ತಾನಾಗಿ ಬಿದ್ದು ಲೈನು ಕಡಿಯುತ್ತದೆ. ಯಾವ ಗಿರಣಿಗೆ ಎಂಥದ್ದು ಎಂದು ಇದನ್ನು ಆಯ್ದುಕೊಳ್ಳಲು ಅವನು ಮಾಡುವಷ್ಟು ತಪಾಸಣೆಯನ್ನು ಹೆಣ್ಣು ನೋಡಲು ಬಂದವರೂ ಮಾಡುವುದಿಲ್ಲ.

ದಢೇಸುಗೂರಿನ ಗಿರಣಿ ಸಾಹುಕಾರರೊಬ್ಬರು ಒಮ್ಮೆ ಗೊಣಗಿದರು: "ಮಷೀನ್ ಚಾಲೂ ಮಾಡಿದ್ರ ಸಾಕು, ಬ್ರೇಕರ್ ಬೀಳಾಕತ್ತೈತಿ. ಇದಕ್ಕಿಂತ ದೊಡ್ಡದು ಹಾಕಿಬಿಡು, ಬೀಳಬಾರದು ನೋಡು."

"ಮೊದ್ಲ ಕೇಬಲ್ ತೋರಸ್ರೀ."

"ನಾ ಕೇಳಿದ್ದು ಬ್ರೇಕರ್."

"ಕೇಬಲ್ ತಡಕೊಳ್ಳೋದಕ್ಕಿಂತ ದೊಡ್ಡದು ಹಾಕಿದ್ರ ಅದು ಬೀಳಂಗಿಲ್ರೀ ಸಾವಕಾರ್ರ. ಕೇಬಲ್ ಸುಡತೈತಿ, ಆಮ್ಯಾಲ ಗಿರಣಿ. ಬೀಳೋದ ಅದರ ಡ್ಯೂಟಿ."

ಸಾಹುಕಾರರು ಬೇರೆಯವನನ್ನು ಕರೆಸುತ್ತೇನೆಂದು ಹೆದರಿಸಿದರು. ಮಾವ ಆ ಬೇರೆಯವನ ಫೋನ್ ನಂಬರು ಕೊಟ್ಟು, ಕೆಳಗೆ ಬೆಂಕಿ ಆರಿಸುವವರ ನಂಬರನ್ನೂ ಬರೆದಿಟ್ಟು ಬಂದ. ಮರುದಿನವೇ ಸಾಹುಕಾರರು ಹೊಸ ಕೇಬಲ್ ತರಿಸಿದರು.

ಇಷ್ಟಕ್ಕೇ ಮುಗಿಯುವುದಿಲ್ಲ. ಬ್ರೇಕರ್ ಕೂಡಿಸಿ ಸರಿಯಾಗಿ ಒಂದು ತಿಂಗಳಿಗೆ, ಯಾರೂ ಕರೆಯದಿದ್ದರೂ ಮಾವ ಹಾಜರು. "ಹೊಸಾ ಜೋಡಣಿ ಎಷ್ಟ ಬಿಗಿದ್ರೂ, ಒಂದ್ ತಿಂಗಳು ಲೋಡ್ ಬಿದ್ದು, ಬಿಸಿಯಾಗಿ ಆರಿ, ತಾನ ಸಡ್ಲ ಆಗತೈತಿ" ಎಂಬುದು ಅವನ ಸಿದ್ಧಾಂತ. ಮೊದಲು ಪ್ಯಾನಲ್ಲಿನ ಬಾಗಿಲಿಗೆ ಕೈಯ ಹಿಂಬದಿಯನ್ನು ಇಟ್ಟು, ಕಣ್ಣು ಮುಚ್ಚಿ ಕಾವು ನೋಡುತ್ತಾನೆ. ಕಾವು ಅಳೆಯುವ ಗನ್ ಇಲ್ಲವೇ? ಇದೆ, ಚೀಲದಲ್ಲೇ ಇದೆ. "ಗನ್ ಸುಳ್ಳು ಹೇಳಂಗಿಲ್ಲ, ಆದ್ರ ಪೂರಾ ಹೇಳಂಗಿಲ್ಲ" ಅಂತೆ. ಆಮೇಲೆ ಇಡೀ ಗಿರಣಿ ಬಂದ್ ಮಾಡಿಸಿ ಒಂದೊಂದು ಬೋಲ್ಟನ್ನೂ ಬಿಗಿಯುತ್ತಾನೆ. ಅದಾದ ಮೇಲೆ ಆ ಗಿರಣಿಗೆ ಇನ್ನೊಮ್ಮೆ ಮಾತ್ರ ಎಂದೂ ಹೋಗುವುದಿಲ್ಲ. ಹೀಗೆ ತಿಂಗಳಿಗೆ ಬಿಗಿದದ್ದನ್ನು ಮತ್ತೆ ಬಿಗಿಯಲು ಹೋಗುವವನಿಗೆ ಕೆಲಸವೇ ಗೊತ್ತಿಲ್ಲ ಎಂದು ಅವನ ಜಂಬ.

ನನ್ನನ್ನು ಲಿಂಗಸುಗೂರಿಗೆ ಮದುವೆ ಮಾಡಿಕೊಟ್ಟಾಗ ನನಗಿದ್ದದ್ದು ಒಂದೇ ಭಯ. ಅತ್ತೆ ಬಹಳ ಕಟ್ಟುನಿಟ್ಟಿನವರು. ಈ ಮನುಷ್ಯ ಅಲ್ಲಿಗೂ ತಿಂಗಳಿಗೆ ಸರಿಯಾಗಿ ಪಾನಾ ಹಿಡಿದು ಬಂದರೆ ನನ್ನ ಮರ್ಯಾದೆಯ ಗತಿ?

"ಮಾಮಾನ್ನ ಹೆಂಗರ ಮಾಡಿ ತಡಿಬೇ ಯವ್ವಾ" ಎಂದು ಅವ್ವನ ಕಾಲು ಹಿಡಿದಿದ್ದೆ.

ಮೂವತ್ತನೇ ದಿನ, ಮಸ್ಕಿ ಮೇಲೆ ಬರುವ ಬಸ್ಸಿನಿಂದ ಇಳಿದೇಬಿಟ್ಟ.

"ಏನ್ ಬಂದ್ರೀ ಅಣ್ಣಾರ?" ಅತ್ತೆ ಕೇಳಿದರು.

"ಏನಿಲ್ರೀ ಅಕ್ಕಾರ. ತಿಂಗಳಾತು."

ಮಿಕ್ಸರಿನ ಕಾಲು, ಕಪಾಟಿನ ಹಿಡಿ ಬಿಗಿದು ಸೀದಾ ನಮ್ಮ ಕೋಣೆಗೆ ನುಗ್ಗಿದ. "ಮಂಚದ ಬೋಲ್ಟ್ ನಾಕೂ ಸಡ್ಲ ಆಗ್ಯಾವ್ರೀ ಅಕ್ಕಾರ" ಎಂದು ಅಡುಗೆಮನೆಗೆ ಕೇಳುವಂತೆ ಸಾರಿದ. ಭೂಮಿ ಬಾಯಿಬಿಡಬಾರದೇ ಎನಿಸಿತು ನನಗೆ. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಆ ಮನೆಯಲ್ಲಿ ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಹೊರಡಲು ಚಪ್ಪಲಿ ಮೆಟ್ಟಿದವನು ತಿರುಗಿ ಬಂದು, ಕೈಯ ಹಿಂಬದಿಯನ್ನು ನನ್ನ ಕೆನ್ನೆಗಿಟ್ಟು ಕಣ್ಣು ಮುಚ್ಚಿದ. ಆ ಒಂದು ತಿಂಗಳಲ್ಲಿ ಎಲ್ಲರೂ ಸಾರಿಗೆ ಉಪ್ಪು ಹಾಕಿದೆಯಾ ಎಂದು ಕೇಳಿದ್ದರು. ನೀನು ಹೇಗಿದ್ದೀ ಎಂದು ಯಾರೂ ಕೇಳಿರಲಿಲ್ಲ. ನನ್ನ ಕಣ್ಣೀರು ಅವನ ಕೈಮೇಲೆ ಇಳಿಯಿತು. ಇವನು ಬರಬಾರದೆಂದು ಬೇಡಿಕೊಂಡಿದ್ದೆನಲ್ಲ ಎಂದು ನನಗೆ ಬಹಳ ಸಂಕಟವಾಯಿತು.

"ಮುಂದಿನ ತಿಂಗಳ ಮತ್ತ ಬರತೀನಿ ತಗೋ" ಎಂದ.

ಎಲ್ಲಿಗೂ ಇನ್ನೊಮ್ಮೆ ಹೋಗದವನು ಆ ವರ್ಷವಿಡೀ ಪ್ರತಿ ತಿಂಗಳೂ ಬಂದ. ಆ ಮಂಚದ ಬೋಲ್ಟುಗಳನ್ನು ಈಗ ಯಾರಿಂದಲೂ ಬಿಚ್ಚಲಾಗುವುದಿಲ್ಲ.